199 ಮತ್ತು 32: ಡ್ರಾಫ್ಟ್‌ನಲ್ಲಿ ಕೋಚ್ ಮಾಡಿದ ಆಯ್ಕೆಗಳನ್ನು ತೂಗುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ಕೋಚ್ ಬಿಲ್ ಬೆಲಿಚಿಕ್ ಆಟಗಾರರನ್ನು ಆರಿಸುವುದರಲ್ಲಿ ನಿಪುಣರೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಸಂಖ್ಯೆಗಳು ಮುಖಾಮುಖಿಯಾಗುತ್ತವೆ. ಒಂದು 199. 2000ದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಆಯ್ಕೆಯಲ್ಲಿ, ಆ ಸರದಿ ಬಂದಾಗ ಅವರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಮುಂದೆ ದಂತಕಥೆಯಾದ ಟಾಮ್ ಬ್ರೇಡಿ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ದಾಳಿ ನಡೆಸುವವನು) ಕರೆಯಿತು. ಇನ್ನೊಂದು 32. 2019ರಲ್ಲಿ ಆ ಸರದಿಗೆ ಎನ್‌ಕೀಲ್ ಹ್ಯಾರಿ ಎಂಬ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಬಂದರು. ಮೂರು ಋತುಗಳಲ್ಲಿ 57 ಕ್ಯಾಚ್, 598 ಗಜ, 4 ಟಚ್‌ಡೌನ್, ಅಷ್ಟರಲ್ಲಿ ಅವರ ಪೇಟ್ರಿಯಟ್ಸ್ ಕಥೆ ಮುಗಿಯಿತು. ಮೆಚ್ಚುವವರು ಮೊದಲನೆಯದನ್ನು ಹಿಡಿಯುತ್ತಾರೆ, ತೆಗಳುವವರು ಎರಡನೆಯದನ್ನು. ಎರಡೂ ನಿಜ. ಎರಡರಿಂದಲೂ ಕೋಚ್‌ನ ಆಯ್ಕೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಬೆಲಿಚಿಕ್ 2000ದಿಂದ 2023ರವರೆಗೆ ಆ ತಂಡಕ್ಕೆ 24 ಡ್ರಾಫ್ಟ್ ನಡೆಸಿದರು. ಇಷ್ಟು ದೀರ್ಘ ಕಾಲ, ಇಷ್ಟು ಅಧಿಕಾರದೊಂದಿಗೆ ಒಬ್ಬರೇ ಆಯ್ಕೆ ಮಾಡಿದ ಉದಾಹರಣೆ ಈಚಿನ ದಶಕಗಳಲ್ಲಿ ಅಪರೂಪ. ಹಾಗಾಗಿ ಅಳೆಯುವ ಬಗೆಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಇದು ಅಮೆರಿಕನ್ ಫುಟ್‌ಬಾಲ್, ನಮ್ಮ ಮೈದಾನಗಳಲ್ಲಿ ಕಾಲಿನಿಂದ ಆಡುವ ಆಟವಲ್ಲ. ಡ್ರಾಫ್ಟ್ ಐಪಿಎಲ್ ಹರಾಜಿನಂತೆಯೂ ಅಲ್ಲ. ಹರಾಜಿನಲ್ಲಿ ಚೀಲದಲ್ಲಿ ದುಡ್ಡಿರುವ ಯಾವ ತಂಡವೂ ಯಾವ ಆಟಗಾರನಿಗೂ ಕೈ ಎತ್ತಬಹುದು. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಸರದಿ ಬಂದ ತಂಡ ಮಾತ್ರ ಹೆಸರು ಹೇಳಬೇಕು, ಹೇಳಿದ ಹೆಸರು ಬೇರೆಯವರಿಗೆ ಸಿಗುವುದಿಲ್ಲ. 32 ತಂಡಗಳು, 7 ಸುತ್ತುಗಳು. ಹಿಂದಿನ ಋತುವಿನಲ್ಲಿ ತೀರಾ ಸೋತವರು ಮೊದಲು ಆರಿಸುತ್ತಾರೆ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದವರ ಸರದಿ ಸುತ್ತಿನ ಕಟ್ಟಕಡೆಗೆ. ಈ ಸರದಿಗೇ ಪಿಕ್ ಎನ್ನುತ್ತಾರೆ. ಪಿಕ್ ಒಂದು ಆಸ್ತಿ: ಮಾರಬಹುದು, ಒಂದನ್ನು ಕೊಟ್ಟು ಎರಡು ಪಡೆಯಬಹುದು, ಮುಂದಿನ ವರ್ಷದ ಪಿಕ್‌ಗೆ ಅದಲು ಬದಲು ಮಾಡಬಹುದು. ಇವುಗಳ ಜೊತೆಗೆ ಪರಿಹಾರದ ಪಿಕ್‌ಗಳೂ ಇವೆ. ಒಪ್ಪಂದ ಮುಗಿದ ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕಳೆದುಕೊಂಡವರಿಗೆ ಲೀಗ್ ಮೂರರಿಂದ ಏಳನೇ ಸುತ್ತುಗಳ ಕೊನೆಯಲ್ಲಿ ಇವನ್ನು ಕೊಡುತ್ತದೆ. ಬ್ರೇಡಿ ಬಂದ 199 ಅಂಥದೇ ಒಂದು ಪಿಕ್.

ಮೊದಲು ಕೇಳಬೇಕಾದದ್ದು, ಆಯ್ಕೆ ನಿಜವಾಗಿ ಯಾರದು ಎಂದು. ಹೆಚ್ಚಿನ ತಂಡಗಳಲ್ಲಿ ಕೊನೆಯ ಮಾತು ತಂಡ ಕಟ್ಟುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್‌ನದು. ಕೋಚ್ ಸಲಹೆ ಕೊಡುತ್ತಾರೆ, ಬಂದವರನ್ನು ಆಡಿಸುತ್ತಾರೆ. 2017ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ 27ರಿಂದ 10ಕ್ಕೆ ಮೇಲೇರಿ ಪ್ಯಾಟ್ರಿಕ್ ಮಹೋಮ್ಸ್‌ರನ್ನು ತೆಗೆದುಕೊಂಡಾಗ ಕೋಚ್ ಆಂಡಿ ರೀಡ್, ಜನರಲ್ ಮ್ಯಾನೇಜರ್ ಜಾನ್ ಡಾರ್ಸಿ. ಎರಡು ತಿಂಗಳಲ್ಲಿ ಡಾರ್ಸಿ ಕೆಲಸ ಕಳೆದುಕೊಂಡರು. ಆ ಆಯ್ಕೆಯ ಪೂರ್ತಿ ಕೀರ್ತಿಯನ್ನು ರೀಡ್‌ಗೆ ಬರೆಯುವುದು ತಪ್ಪು ಲೆಕ್ಕ. ಪೇಟ್ರಿಯಟ್ಸ್‌ನಲ್ಲೇ ಬೆಲಿಚಿಕ್‌ಗಿಂತ ಮುಂಚೆ ಬಿಲ್ ಪಾರ್ಸೆಲ್ಸ್ ಕೋಚ್ ಆಗಿದ್ದಾಗ, 1996ರಲ್ಲಿ ಅವರ ಇಷ್ಟಕ್ಕೆ ವಿರುದ್ಧವಾಗಿ ತಂಡ 7ನೇ ಪಿಕ್‌ನಲ್ಲಿ ಟೆರಿ ಗ್ಲೆನ್ ಎಂಬ ರಿಸೀವರ್‌ನನ್ನು ಆರಿಸಿತು. ಅಡುಗೆ ಮಾಡು ಎನ್ನುವವರು ಸಂತೆಗೆ ಹೋಗಲೂ ಬಿಡಬೇಕಲ್ಲವೇ ಎಂಬ ಅರ್ಥದ ಮಾತಾಡಿ ಅವರು ತಂಡ ಬಿಟ್ಟರು. ಬೆಲಿಚಿಕ್‌ಗೆ ಈ ತೊಡಕಿರಲಿಲ್ಲ. ಸ್ಕಾಟ್ ಪಯೋಲಿ, ಆಮೇಲೆ ನಿಕ್ ಕಸೇರಿಯೊ ಆಟಗಾರರ ವಿಭಾಗ ನೋಡಿಕೊಂಡರೂ ಕೊನೆಯ ಮಾತು ಬೆಲಿಚಿಕ್‌ರದೇ. ಆದರೂ ಪಯೋಲಿ 2009ರ ಆರಂಭದಲ್ಲಿ, ಕಸೇರಿಯೊ 2021ರ ಆರಂಭದಲ್ಲಿ ಹೊರಟುಹೋದರು ಎಂಬುದನ್ನು ನೆನಪಿಡಬೇಕು. 24 ವರ್ಷವೂ ಒಂದೇ ಕಣ್ಣುಗಳು ನೋಡಿದ್ದಲ್ಲ.

ಎರಡನೆಯದು ಸರದಿಯ ಬೆಲೆ. ಇಲ್ಲಿಯೇ ಅತಿ ಹೆಚ್ಚು ತಪ್ಪಾಗುವುದು. 5ನೇ ಪಿಕ್‌ನಿಂದ ಬಂದವನನ್ನೂ 30ನೇ ಪಿಕ್‌ನಿಂದ ಬಂದವನನ್ನೂ ಮೊದಲ ಸುತ್ತಿನವರು ಎಂದು ಒಂದೇ ಬುಟ್ಟಿಗೆ ಹಾಕುತ್ತೇವೆ. ಬೆಲಿಚಿಕ್ ಮೊದಲ ಸುತ್ತಿನಲ್ಲಿ ಒಟ್ಟು 21 ಆಟಗಾರರನ್ನು ಆರಿಸಿದರು. ಅವರಲ್ಲಿ ಮೊದಲ 20ರೊಳಗೆ ಬಂದವರು ಆರೇ ಜನ: ರಿಚರ್ಡ್ ಸೀಮೋರ್, ಟೈ ವಾರನ್, ಜೆರಾಡ್ ಮೇಯೊ, ನೇಟ್ ಸೋಲ್ಡರ್, ಮ್ಯಾಕ್ ಜೋನ್ಸ್, ಕ್ರಿಶ್ಚಿಯನ್ ಗೊನ್ಸಾಲೆಜ್. ಉಳಿದ ಹದಿನೈದೂ 21ರಿಂದ ಆಚೆ. ಆರು ವರ್ಷ ಮೊದಲ ಸುತ್ತಿನಲ್ಲಿ ಯಾರೂ ಇಲ್ಲ. 2000ದ ಪಿಕ್ ಬೆಲಿಚಿಕ್‌ರನ್ನು ಬಿಟ್ಟುಕೊಟ್ಟದ್ದಕ್ಕೆ ನ್ಯೂಯಾರ್ಕ್ ಜೆಟ್ಸ್‌ಗೆ ಹೋಯಿತು. 2016ರದ್ದು ಪಂದ್ಯದ ಚೆಂಡಿನ ಗಾಳಿ ಇಳಿಸಿದ ಆರೋಪದ ಪ್ರಕರಣದಲ್ಲಿ ದಂಡವಾಗಿ ಹೋಯಿತು. 2017ರಲ್ಲಿ ಅದನ್ನು ಕೊಟ್ಟು ಬ್ರ್ಯಾಂಡಿನ್ ಕುಕ್ಸ್‌ರನ್ನು ಕರೆತಂದರು. 2009, 2013, 2020ರಲ್ಲಿ ಮಾರಿಕೊಂಡು ಕೆಳಗಿಳಿದರು. ಹೀಗಿರುವಾಗ ಮೇಲಿನ ಸರದಿಗಳಲ್ಲೇ ಆರಿಸುತ್ತಾ ಬಂದ ತಂಡದೊಂದಿಗೆ ತಾರೆಯರ ಎಣಿಕೆ ಹೋಲಿಸುವುದು ನ್ಯಾಯವಲ್ಲ.

ಸರದಿಗೆ ಬೆಲೆ ಕಟ್ಟುವ ಪ್ರಸಿದ್ಧ ಪಟ್ಟಿ 1990ರ ದಶಕದ ಆರಂಭದ್ದು. ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಹೆಸರಲ್ಲಿ ಅದು ಇಂದಿಗೂ ಓಡಾಡುತ್ತಿದೆ. 1ನೇ ಪಿಕ್‌ಗೆ 3000 ಅಂಕ, 2ಕ್ಕೆ 2600, 10ಕ್ಕೆ 1300, 16ಕ್ಕೆ 1000, 32ಕ್ಕೆ 590, 64ಕ್ಕೆ 270, 100ಕ್ಕೆ 100. ಇಳಿಜಾರು ಎಷ್ಟು ಕಡಿದು ಎಂದು ನೋಡಿ: ಈ ಪಟ್ಟಿಯ ಪ್ರಕಾರ ಮೊದಲ ಪಿಕ್ ಕೊಟ್ಟರೆ 32ನೇ ಸರದಿಯಂಥವು ಐದು ಸಿಗಬೇಕು. ಆದರೆ ಈ ಪಟ್ಟಿ ಹೇಳುವುದು ತಂಡಗಳು ಯಾವ ದರಕ್ಕೆ ವ್ಯಾಪಾರ ಮಾಡುತ್ತವೆ ಎಂಬುದನ್ನಷ್ಟೆ. ಆ ಸರದಿಯಲ್ಲಿ ಬಂದ ಆಟಗಾರ ಎಷ್ಟು ಆಡಿಕೊಡುತ್ತಾನೆ ಎಂಬ ಲೆಕ್ಕ ಬೇರೆ. ಸಂತೆಯ ದರವೇ ಬೇರೆ, ಮನೆಯಲ್ಲಿ ಬೇಯಿಸಿ ಉಂಡಾಗ ಸಿಗುವ ರುಚಿಯೇ ಬೇರೆ.

ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಈ ಎರಡನೆಯ ಲೆಕ್ಕವನ್ನು ಮಾಡಿದರು. ಅವರು ಕಂಡದ್ದು ಎರಡು ಸಂಗತಿ. ಒಂದೇ ಸ್ಥಾನದ ಇಬ್ಬರಲ್ಲಿ, ಮೊದಲು ಆರಿಸಲ್ಪಟ್ಟವನು ಅವನ ನಂತರ ಆರಿಸಲ್ಪಟ್ಟವನಿಗಿಂತ ಉತ್ತಮನಾಗುವ ಸಾಧ್ಯತೆ ಸುಮಾರು ಶೇಕಡಾ 52 ಮಾತ್ರ, ನಾಣ್ಯ ಚಿಮ್ಮಿದ್ದಕ್ಕಿಂತ ಕೂದಲೆಳೆ ಹೆಚ್ಚು. ಎರಡನೆಯದು, ಸಂಬಳ ಕಳೆದು ಉಳಿಯುವ ಲಾಭ ನೋಡಿದರೆ ಮೊದಲ ಸುತ್ತಿನ ಕೊನೆಯ ಪಿಕ್ ಸರಾಸರಿಯಲ್ಲಿ ಮೊದಲನೇ ಪಿಕ್‌ಗಿಂತ ಮೇಲು. ಅಂದರೆ ತಂಡಗಳು ತಮ್ಮ ಕಣ್ಣಿನ ಮೇಲೆ ಅತಿಯಾಗಿ ನಂಬಿಕೆ ಇಟ್ಟು ಮೇಲಿನ ಸರದಿಗಳಿಗೆ ಹೆಚ್ಚು ಬೆಲೆ ತೆರುತ್ತಿದ್ದವು. ಬೆಲಿಚಿಕ್ ಕೆಳಗಿಳಿದು ಹೆಚ್ಚು ಪಿಕ್ ಗಳಿಸುತ್ತಿದ್ದ ಪದ್ಧತಿಗೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಡ.

ಆದರೆ ಆ ಅಧ್ಯಯನದ ಅಂಕಿಗಳು 2011ಕ್ಕಿಂತ ಹಿಂದಿನವು, ಮತ್ತು ಇದು ಸಣ್ಣ ಷರತ್ತಲ್ಲ. 2011ರ ಕಾರ್ಮಿಕ ಒಪ್ಪಂದ ಹೊಸಬರ ಸಂಬಳಕ್ಕೆ ಮಿತಿ ಹಾಕಿತು. 2010ರಲ್ಲಿ ಮೊದಲನೆಯವರಾಗಿ ಬಂದ ಸ್ಯಾಮ್ ಬ್ರ್ಯಾಡ್‌ಫರ್ಡ್ ಒಪ್ಪಂದ 6 ವರ್ಷಕ್ಕೆ 7.8 ಕೋಟಿ ಡಾಲರ್. ಮರುವರ್ಷ ಕ್ಯಾಮ್ ನ್ಯೂಟನ್‌ದು 4 ವರ್ಷಕ್ಕೆ 2.2 ಕೋಟಿ. ಮೇಲಿನ ಪಿಕ್‌ಗಳು ಒಂದೇ ವರ್ಷದಲ್ಲಿ ಅಗ್ಗವಾದವು. ಈಗ ಎಲ್ಲ ಡ್ರಾಫ್ಟ್ ಆಟಗಾರರಿಗೂ ನಾಲ್ಕು ವರ್ಷದ ಒಪ್ಪಂದ, ಮೊದಲ ಸುತ್ತಿನವರಿಗೆ ಮಾತ್ರ ತಂಡದ ಇಚ್ಛೆಯಂತೆ ಐದನೇ ವರ್ಷ. ಹಾಗಾಗಿ 2005ರಲ್ಲಿ ಕೆಳಗಿಳಿದದ್ದು ಎಷ್ಟು ಜಾಣತನವೋ 2020ರಲ್ಲಿ ಅಷ್ಟೇ ಜಾಣತನ ಎನ್ನಲಾಗದು. ಒಂದೇ ಚಾಳಿ, ಬದಲಾದ ದರ.

ಇನ್ನು ಒಂದು ವ್ಯವಹಾರವನ್ನು ಬಿಡಿಸಿ ನೋಡೋಣ. 2009ರಲ್ಲಿ ಪೇಟ್ರಿಯಟ್ಸ್ 26ನೇ ಪಿಕ್ ಮತ್ತು ಐದನೇ ಸುತ್ತಿನ 162ನ್ನು ಗ್ರೀನ್ ಬೇ ಪ್ಯಾಕರ್ಸ್‌ಗೆ ಕೊಟ್ಟು 41, 73, 83 ಪಡೆಯಿತು. ಜಾನ್ಸನ್ ಪಟ್ಟಿಯಲ್ಲಿ 26ಕ್ಕೆ 700, 162ಕ್ಕೆ ಸುಮಾರು 25. ಬಂದದ್ದು 490, 225, 175, ಒಟ್ಟು 890. ಕಾಗದದ ಮೇಲೆ 165 ಅಂಕ ಲಾಭ. ಪ್ಯಾಕರ್ಸ್ 26ರಲ್ಲಿ ಆರಿಸಿದ್ದು ಕ್ಲೇ ಮ್ಯಾಥ್ಯೂಸ್‌ರನ್ನು. ಅವರು ಆರು ಬಾರಿ ಪ್ರೊ ಬೌಲ್‌ಗೆ (ಲೀಗ್‌ನ ತಾರೆಯರ ಪಂದ್ಯ) ಆಯ್ಕೆಯಾದರು, ಸೂಪರ್ ಬೌಲ್ ಗೆದ್ದರು. ಪೇಟ್ರಿಯಟ್ಸ್ 41ರಲ್ಲಿ ಡೇರಿಯಸ್ ಬಟ್ಲರ್, 83ರಲ್ಲಿ ಬ್ರ್ಯಾಂಡನ್ ಟೇಟ್ ಎಂಬಿಬ್ಬರನ್ನು ತೆಗೆದುಕೊಂಡಿತು. ಇಬ್ಬರೂ 2011ರ ಋತು ಶುರುವಾಗುವ ಮೊದಲೇ ತಂಡದಿಂದ ಹೊರಗೆ. ಇಲ್ಲಿಗೆ ನಿಲ್ಲಿಸಿದರೆ ಬೆಲಿಚಿಕ್ ಸೋತರು.

ಉಳಿದ 73 ಎಲ್ಲಿ ಹೋಯಿತು? ಅದನ್ನು ಜಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಕೊಟ್ಟು, ಅದೇ ವರ್ಷದ 232ನೇ ಪಿಕ್ ಮತ್ತು 2010ರ ಎರಡನೇ ಸುತ್ತಿನ ಪಿಕ್ ಪಡೆದರು. 232ರಲ್ಲಿ ಬಂದವರು ಜೂಲಿಯನ್ ಎಡಲ್‌ಮನ್. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರನ್ನು ರಿಸೀವರ್ ಮಾಡಿದರು. ಮುಂದೆ 53ನೇ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ. 2010ರ ಆ ಪಿಕ್ 44ನೇ ಸರದಿಯಾಗಿತ್ತು. ಆರನೇ ಸುತ್ತಿನ ಒಂದು ಪಿಕ್ ಸೇರಿಸಿ ಎರಡು ಮೆಟ್ಟಿಲು ಮೇಲೇರಿ 42ರಲ್ಲಿ ತೆಗೆದುಕೊಂಡದ್ದು ರಾಬ್ ಗ್ರಾಂಕೌಸ್ಕಿಯನ್ನು. ನಾಲ್ಕು ಬಾರಿ ಲೀಗ್‌ನ ಅಗ್ರ ತಂಡದಲ್ಲಿ, ಅಂದರೆ ಋತುವಿನ ಶ್ರೇಷ್ಠರ ಗೌರವ ಪಟ್ಟಿಯಲ್ಲಿ, ಹೆಸರು ಪಡೆದ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಕೂಡ ಹಿಡಿಯುವ ಆಟಗಾರ) ಅವರು. ಹೀಗೆ ಬಾಲದವರೆಗೆ ಹಿಡಿದು ನೋಡಿದರೆ ಅದೇ ವ್ಯವಹಾರ ತಂಡದ ಹತ್ತು ವರ್ಷದ ಭಾಗ್ಯ.

ಇಲ್ಲಿ ಆತುರದಿಂದ ಇನ್ನೊಂದು ತಪ್ಪು ಮಾಡಬಾರದು. ಗ್ರಾಂಕೌಸ್ಕಿ ಸಿಕ್ಕಿದ್ದು ವ್ಯಾಪಾರದ ಫಲ ಎಂದು ಬರೆದರೆ ಎರಡು ಬೇರೆ ಬೇರೆ ನಿರ್ಣಯಗಳು ಬೆರೆತುಹೋಗುತ್ತವೆ. ವ್ಯಾಪಾರ ತಂದದ್ದು 44 ಎಂಬ ಸರದಿಯನ್ನು, ಅದರ ಬೆಲೆ 460 ಅಂಕ. ಆ ಸರದಿಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಕಾಲೇಜಿನ ಕೊನೆಯ ಋತುವನ್ನೇ ಕಳೆದುಕೊಂಡಿದ್ದವನನ್ನು ಆರಿಸಿದ್ದು ಬೇರೆ ನಿರ್ಣಯ. ಮೊದಲನೆಯದಕ್ಕೆ ಅಂಕಪಟ್ಟಿಯಿಂದ ಅಂಕ ಕೊಡಿ; ಎರಡನೆಯದಕ್ಕೆ ಆ ಸರದಿಯ ಸಾಮಾನ್ಯ ಫಲದೊಂದಿಗೆ ಹೋಲಿಸಿ ಅಂಕ ಕೊಡಿ. ಬೆರೆಸಿದರೆ ಒಳ್ಳೆಯ ವ್ಯಾಪಾರಿಯೂ ಒಳ್ಳೆಯ ಪಾರಖಿಯೂ ಒಬ್ಬನೇ ಆಗಿ ಕಾಣುತ್ತಾನೆ. ಬೆಲಿಚಿಕ್ ವಿಷಯದಲ್ಲಿ ಮೊದಲನೆಯ ಗುಣ ಎರಡನೆಯದಕ್ಕಿಂತ ಸ್ಥಿರವಾಗಿತ್ತು.

ಅದಕ್ಕೆ ಇನ್ನೂ ಸಾಕ್ಷಿ ಇದೆ. 2013ರಲ್ಲಿ 29ನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟು 52, 83, 102, 229 ಪಡೆದರು. ಪಟ್ಟಿಯಲ್ಲಿ 640 ಕೊಟ್ಟು 648ರಷ್ಟು ಪಡೆದ ಹಾಗೆ, ಸಮಸಮ. ಆದರೆ 52ರಲ್ಲಿ ಜೇಮಿ ಕಾಲಿನ್ಸ್, 83ರಲ್ಲಿ ಲೋಗನ್ ರಯಾನ್ ಬಂದು ಇಬ್ಬರೂ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. 2022ರಲ್ಲಿ ಇದೇ ಬಗೆಯ ವ್ಯಾಪಾರ ಕೈಕೊಟ್ಟಿತು. 21ನ್ನು ಚೀಫ್ಸ್‌ಗೆ ಕೊಟ್ಟು 29, 94, 121. ಅಂದರೆ 800ಕ್ಕೆ ಬದಲು 816. ಕಾಗದದಲ್ಲಿ ಸರಿ. ಆದರೆ ಚೀಫ್ಸ್ 21ರಲ್ಲಿ ಆರಿಸಿದ ಟ್ರೆಂಟ್ ಮೆಕ್‌ಡಫಿ ಮರುವರ್ಷವೇ ಲೀಗ್‌ನ ಅಗ್ರ ತಂಡದ ಗೌರವ ಪಟ್ಟಿ ಸೇರಿದರು. 29ರಲ್ಲಿ ಬಂದ ಕೋಲ್ ಸ್ಟ್ರೇಂಜ್ ಎಂಬ ಗಾರ್ಡ್‌ನಿಂದ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರಲ್ಲಿ ಒಬ್ಬ) ಅಷ್ಟು ಸಿಗಲಿಲ್ಲ. ವ್ಯಾಪಾರ ಕೆಟ್ಟದಾಗಿರಲಿಲ್ಲ, ಸಿಕ್ಕ ಸರದಿಯನ್ನು ಬಳಸಿದ ಬಗೆ ಸೊರಗಿತ್ತು.

ಸಾಮಾನ್ಯ ಫಲ ಎಂದರೇನು, ಅದನ್ನು ಹೇಗೆ ಕಂಡುಕೊಳ್ಳುವುದು? ಮನೆಯಲ್ಲೇ ಮಾಡಬಹುದಾದ ಲೆಕ್ಕ. ಯಾವ ಪಿಕ್ ಬಗ್ಗೆ ಕೇಳುತ್ತಿದ್ದೀರೋ ಅದರ ಹಿಂದೆ ಐದು, ಮುಂದೆ ಐದು ಸರದಿ ಹಿಡಿಯಿರಿ. ಹದಿನೈದು ವರ್ಷದಷ್ಟು ಹಿಂದಕ್ಕೆ ಹೋಗಿ ಆ ಸರದಿಗಳಲ್ಲಿ ಬಂದವರನ್ನೆಲ್ಲ ಪಟ್ಟಿ ಮಾಡಿ. ನೂರೈವತ್ತಕ್ಕಿಂತ ಹೆಚ್ಚು ಹೆಸರು ಸಿಗುತ್ತದೆ. ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ: ಕನಿಷ್ಠ ಮೂರು ಋತು ಮುಖ್ಯ ಆಟಗಾರನಾಗಿದ್ದನೇ? ಮೊದಲ ನಾಲ್ಕು ವರ್ಷದಲ್ಲಿ ಎಷ್ಟು ಪಂದ್ಯ ಆಡಿದ? ಆರಿಸಿದ ತಂಡವೇ ಎರಡನೇ ಒಪ್ಪಂದ ಕೊಟ್ಟಿತೇ? ಉತ್ತರಗಳ ಸರಾಸರಿಯೇ ಆ ಸರದಿಯ ಸಾಮಾನ್ಯ ಫಲ. ಕೋಚ್ ಆರಿಸಿದವನು ಅದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂದು ಬರೆದು, ಎಲ್ಲ ಪಿಕ್‌ಗಳಿಗೂ ಕೂಡಿಸಿ. ಏಳನೇ ಸುತ್ತಿನವರಲ್ಲಿ ಬಹುಪಾಲು ಮಂದಿ ಉಳಿಯುವುದೇ ಇಲ್ಲ. ಹಾಗಾಗಿ ಅಲ್ಲಿ ಸೊನ್ನೆ ಬಂದರೆ ಅದು ಸೋಲಲ್ಲ, ಸಾಧಾರಣ. 230ನೇ ಪಿಕ್‌ನಿಂದ ಬಂದ ಮ್ಯಾಟ್ ಕ್ಯಾಸೆಲ್ 2008ರಲ್ಲಿ ಬ್ರೇಡಿ ಗಾಯಗೊಂಡಾಗ ತಂಡವನ್ನು 11 ಗೆಲುವಿಗೆ ಕೊಂಡೊಯ್ದದ್ದು ಅಲ್ಲಿನ ಸರಾಸರಿಗಿಂತ ಬಹಳ ಎತ್ತರ.

ಋತುವಿನ ಕೊಡುಗೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆಗಳೂ ಇವೆ. ಡಗ್ ಡ್ರೈನನ್ ರೂಪಿಸಿದ ಅಂದಾಜು ಮೌಲ್ಯದ ಸೂತ್ರ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಬೇರೆ ಬೇರೆ ಸ್ಥಾನದವರನ್ನು ಒಂದೇ ತಕ್ಕಡಿಗೆ ತರುವುದರಿಂದ ಅದು ಉಪಯುಕ್ತ. ಆದರೆ ಅದು ತಂಡದ ಒಟ್ಟು ಸಾಧನೆಯನ್ನು ಆಟಗಾರರಿಗೆ ಹಂಚುವ ಸೂತ್ರ. ಬ್ರೇಡಿ ಇರುವ ತಂಡದ ಗಾರ್ಡ್‌ಗೆ ಸೋಲುವ ತಂಡದ ಅಷ್ಟೇ ಒಳ್ಳೆಯ ಗಾರ್ಡ್‌ಗಿಂತ ಹೆಚ್ಚು ಅಂಕ ಬೀಳುತ್ತದೆ. ಪೇಟ್ರಿಯಟ್ಸ್ ಪಟ್ಟಿಯನ್ನು ಈ ಅಳತೆಯಲ್ಲಿ ಓದುವಾಗ ಸ್ವಲ್ಪ ಕಳೆದೇ ಓದಬೇಕು.

ಎರಡನೇ ಒಪ್ಪಂದದ ಅಳತೆ ಒರಟಾದರೂ ನಿಷ್ಠುರ. ತಂಡವೇ ದುಡ್ಡು ಕೊಟ್ಟು ಹೇಳುವ ತೀರ್ಪು ಅದು. 2001ರಿಂದ 2012ರವರೆಗೆ ಬೆಲಿಚಿಕ್ ಮೊದಲ ಸುತ್ತಿನಲ್ಲಿ ಆರಿಸಿದ 13 ಜನರಲ್ಲಿ ಸೀಮೋರ್, ವಾರನ್, ವಿನ್ಸ್ ವಿಲ್ಫೋರ್ಕ್, ಲೋಗನ್ ಮ್ಯಾಂಕಿನ್ಸ್, ಮೇಯೊ, ಡೆವಿನ್ ಮೆಕಾರ್ಟಿ, ಸೋಲ್ಡರ್, ಡಾಂಟಾ ಹೈಟವರ್, ಹೀಗೆ 8 ಜನರಿಗೆ ತಂಡ ಮತ್ತೆ ಒಪ್ಪಂದ ಕೊಟ್ಟಿತು. 2014ರಿಂದ 2021ರವರೆಗಿನ 6 ಜನರಲ್ಲಿ, ಡೊಮಿನಿಕ್ ಈಸ್ಲಿಯಿಂದ ಮ್ಯಾಕ್ ಜೋನ್ಸ್‌ವರೆಗೆ, ಒಬ್ಬರಿಗೂ ಇಲ್ಲ. ಎರಡನೇ ಗುಂಪಿನ ಸರದಿಗಳು ತುಸು ಕೆಳಗಿದ್ದವು, ನಿಜ: 29, 32, 23, 31, 32, 15. ಆದರೆ ಮ್ಯಾಂಕಿನ್ಸ್ ಬಂದದ್ದೂ 32ರಲ್ಲೇ. 13ರಲ್ಲಿ 8 ಇದ್ದದ್ದು 6ರಲ್ಲಿ ಸೊನ್ನೆಗೆ ಇಳಿದದ್ದನ್ನು ಸರದಿಯ ವ್ಯತ್ಯಾಸವೊಂದೇ ವಿವರಿಸಲಾರದು ಎಂಬುದು ನಮ್ಮ ಅಭಿಪ್ರಾಯ.

ಈ ಅಳತೆಗೆ ಕಾಣದ ಒಂದು ದೊಡ್ಡ ಸಂಗತಿಯಿದೆ. 2012ರ ಚ್ಯಾಂಡ್ಲರ್ ಜೋನ್ಸ್ ಇಲ್ಲಿ ವಿಫಲರ ಸಾಲಿಗೆ ಬೀಳುತ್ತಾರೆ. ವಾಸ್ತವದಲ್ಲಿ ಅವರು ಅದ್ಭುತ ಆಯ್ಕೆ. ಒಪ್ಪಂದ ಮುಗಿಯುವ ಮುಂಚೆ, 2016ರಲ್ಲಿ, ತಂಡ ಅವರನ್ನು ಆರಿಜೋನಕ್ಕೆ ಕೊಟ್ಟಿತು. ಬಂದ ಎರಡನೇ ಸುತ್ತಿನ 61ನೇ ಪಿಕ್ಕನ್ನು ಒಡೆದು 78 ಮತ್ತು 112 ಮಾಡಿಕೊಂಡಿತು. 78ರಲ್ಲಿ ಜೋ ಥೂನಿ, 112ರಲ್ಲಿ ಮಾಲ್ಕಮ್ ಮಿಚೆಲ್. ಸೀಮೋರ್‌ರನ್ನು 2009ರಲ್ಲಿ ಓಕ್ಲೆಂಡ್‌ಗೆ ಕೊಟ್ಟಾಗ ಬಂದ ಪಿಕ್ಕೇ 2011ರಲ್ಲಿ ಸೋಲ್ಡರ್ ಆಯಿತು. ಕ್ಯಾಸೆಲ್ ಮತ್ತು ಮೈಕ್ ವ್ರೇಬಲ್‌ರನ್ನು ಕೊಟ್ಟು ಪಡೆದ 34ರಲ್ಲಿ ಪ್ಯಾಟ್ರಿಕ್ ಚಂಗ್ ಬಂದರು. ಆದ್ದರಿಂದ ಎರಡು ಕಾಲಂ ಇಡಬೇಕು. ಒಂದರಲ್ಲಿ ಆಟಗಾರ ಎಲ್ಲೇ ಆಡಿದರೂ ಎಷ್ಟು ಒಳ್ಳೆಯವನಾದ ಎಂಬುದು. ಅದು ಆರಿಸಿದ ಕಣ್ಣಿನ ಲೆಕ್ಕ. ಇನ್ನೊಂದರಲ್ಲಿ ಆರಿಸಿದ ತಂಡಕ್ಕೆ ಎಷ್ಟು ದಕ್ಕಿತು, ಮಾರಿದಾಗ ಏನು ಬಂತು ಎಂಬುದು. ಅದು ಒಟ್ಟು ನಿರ್ವಹಣೆಯ ಲೆಕ್ಕ.

ಹೋಲಿಕೆಯ ಬಲೆಯ ಬಗ್ಗೆ ಎಚ್ಚರ ಬೇಕು. ಹ್ಯಾರಿಯ ನಂತರ ಆ ವರ್ಷ ಡೀಬೋ ಸ್ಯಾಮ್ಯುಯೆಲ್ 36ರಲ್ಲಿ, ಎ.ಜೆ. ಬ್ರೌನ್ 51ರಲ್ಲಿ, ಡಿ.ಕೆ. ಮೆಟ್‌ಕ್ಯಾಫ್ 64ರಲ್ಲಿ, ಟೆರಿ ಮೆಕ್‌ಲಾರಿನ್ 76ರಲ್ಲಿ ಹೋದರು. ಇಷ್ಟು ಹೆಸರು ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಅವರ ನಡುವೆಯೇ ಜೆ.ಜೆ. ಆರ್ಸೇಗಾ-ವೈಟ್‌ಸೈಡ್ 57ರಲ್ಲಿ, ಆಂಡಿ ಇಸಾಬೆಲಾ 62ರಲ್ಲಿ, ಜೇಲನ್ ಹರ್ಡ್ 67ರಲ್ಲಿ ಹೋದರು. ಆ ಹೆಸರುಗಳನ್ನು ಯಾರೂ ಎತ್ತುವುದಿಲ್ಲ. ಗೆದ್ದವನ ಹೆಸರನ್ನು ಮಾತ್ರ ಹೆಕ್ಕಿ ಹೋಲಿಸಿದರೆ ಯಾವ ಕೋಚ್ ಕೂಡ ಉಳಿಯುವುದಿಲ್ಲ. ನ್ಯಾಯವಾದ ದಾರಿ, ಅದೇ ಸ್ಥಾನದಲ್ಲಿ ನಂತರ ಬಂದ ಹತ್ತು ಜನರ ಸರಾಸರಿ ತೆಗೆಯುವುದು. ಹ್ಯಾರಿಯ ನಂತರದ ಹತ್ತರಲ್ಲಿ ಐವರು ಗಟ್ಟಿ ಆಟಗಾರರಾದರು. ಆ ಸರಾಸರಿಯ ಮುಂದೆಯೂ ಹ್ಯಾರಿ ಬಹಳ ಕೆಳಗೇ ಬರುತ್ತಾರೆ. ಅಂದರೆ ತೀರ್ಪು ಬದಲಾಗಲಿಲ್ಲ, ಆದರೆ ಈಗ ಅದಕ್ಕೆ ಆಧಾರ ಸಿಕ್ಕಿತು.

ಬ್ರೇಡಿಗೂ ಅದೇ ಮಾನದಂಡ ಹಾಕಬೇಕು. 2000ದಲ್ಲಿ ಅವರಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಪೇಟ್ರಿಯಟ್ಸ್ ಕೂಡ ಆ ಡ್ರಾಫ್ಟ್‌ನಲ್ಲಿ ಅವರಿಗಿಂತ ಮೊದಲು ಆರು ಬೇರೆ ಆಟಗಾರರನ್ನು ಕರೆದಿತ್ತು. 46ರಲ್ಲಿ ಆಡ್ರಿಯನ್ ಕ್ಲೆಮ್, 76ರಲ್ಲಿ ಜೆ.ಆರ್. ರೆಡ್ಮಂಡ್, ಕೊನೆಗೆ 187ರಲ್ಲಿ ಆಂಟ್ವಾನ್ ಹ್ಯಾರಿಸ್. ಇವನು ಶತಮಾನಕ್ಕೊಬ್ಬ ಎಂದು ಗೊತ್ತಿದ್ದರೆ 199ರವರೆಗೆ ಯಾರೂ ಕಾಯುವುದಿಲ್ಲ. ಬೆಲಿಚಿಕ್‌ಗೆ ಸಲ್ಲಬೇಕಾದ ಶ್ರೇಯಸ್ಸು ಬೇರೆ ಕಡೆ ಇದೆ. ಮೊದಲ ವರ್ಷ ಆರನೇ ಸುತ್ತಿನ ಹುಡುಗನನ್ನು ನಾಲ್ಕನೇ ಕ್ವಾರ್ಟರ್‌ಬ್ಯಾಕ್ ಆಗಿ ತಂಡದಲ್ಲೇ ಉಳಿಸಿಕೊಂಡರು, ಮರುವರ್ಷ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್‌ಸೋ ಗಾಯದಿಂದ ಮರಳಿದ ಮೇಲೂ ಅವನನ್ನೇ ಆಡಿಸಿದರು. ಅದು ಡ್ರಾಫ್ಟ್‌ನ ಕೌಶಲವಲ್ಲ, ಕೋಚಿಂಗ್‌ನ ಧೈರ್ಯ. ಆಯ್ಕೆಯ ಒಟ್ಟು ಲೆಕ್ಕ ಹಾಕುವಾಗ ಬ್ರೇಡಿಯನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಕೂಡಿಸಿ ನೋಡುವುದು ಒಳ್ಳೆಯದು. ಒಂದೇ ಹೆಸರು ತೆಗೆದರೆ ಇಡೀ ಮೊತ್ತ ಕುಸಿಯುವುದಾದರೆ ಆ ಮೊತ್ತ ಕೌಶಲದ ಸಾಕ್ಷಿಯಲ್ಲ.

ಆಯ್ಕೆ ಮತ್ತು ತರಬೇತಿಯನ್ನು ಬೇರ್ಪಡಿಸುವುದು ಈ ಇಡೀ ಲೆಕ್ಕದ ಅತಿ ಕಷ್ಟದ ಭಾಗ. ಅದಕ್ಕೆ ಒಂದು ಉಪಾಯವಿದೆ: ಒಂದೊಂದು ಸ್ಥಾನವನ್ನು ಪ್ರತ್ಯೇಕವಾಗಿ ಹಿಡಿದು, ದುಬಾರಿ ಪಿಕ್‌ಗಳನ್ನೂ ಅಗ್ಗದ ಪಿಕ್‌ಗಳನ್ನೂ ಪಕ್ಕಪಕ್ಕ ಇಡುವುದು.

ಮೊದಲು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲು. 48ರಲ್ಲಿ ಮ್ಯಾಟ್ ಲೈಟ್, 32ರಲ್ಲಿ ಮ್ಯಾಂಕಿನ್ಸ್, 58ರಲ್ಲಿ ಸೆಬಾಸ್ಟಿಯನ್ ವೋಲ್ಮರ್, 78ರಲ್ಲಿ ಥೂನಿ. ಕೆಳಗಿನ ಸುತ್ತುಗಳಲ್ಲಿ 164ರ ಡ್ಯಾನ್ ಕಾಪನ್, 131ರ ಶಾಕ್ ಮೇಸನ್, 182ರ ಮೈಕಲ್ ಒನ್ವೆನು. 138ರಲ್ಲಿ ಬಂದ ಮಾರ್ಕಸ್ ಕ್ಯಾನನ್ ಕ್ಯಾನ್ಸರ್ ಪತ್ತೆಯಾದ ಕಾರಣಕ್ಕೇ ಅಷ್ಟು ಕೆಳಗಿಳಿದಿದ್ದರು. ತಂಡ ಕಾದು ನೋಡಿತು, ಅವರು ಗುಣಮುಖರಾಗಿ ವರ್ಷಗಟ್ಟಲೆ ಆಡಿದರು. ಯಾರೂ ಆರಿಸದ ಡೇವಿಡ್ ಆಂಡ್ರ್ಯೂಸ್ ತಂಡದ ನಾಯಕರಾದರು. ದುಬಾರಿಯೂ ಫಲಿಸಿತು, ಅಗ್ಗವೂ ಫಲಿಸಿತು. ಇದರಲ್ಲಿ ಸಾಲಿನ ಕೋಚ್ ಡಾಂಟೆ ಸ್ಕಾರ್ನೆಕಿಯಾ ಅವರ ಪಾಲು ದೊಡ್ಡದು. 2014 ಮತ್ತು 2015ರಲ್ಲಿ ಬಿಡುವು ತೆಗೆದುಕೊಂಡದ್ದು ಬಿಟ್ಟರೆ ಅವರು 2019ರವರೆಗೂ ಇದ್ದರು. ಯಾರನ್ನು ಕಲಿಸಬಲ್ಲೆವು ಎಂದು ಗೊತ್ತಿದ್ದು ಅಂಥವರನ್ನೇ ಆರಿಸುವುದೂ ಒಂದು ಕೌಶಲ, ಅದರ ಅಂಕ ಬೆಲಿಚಿಕ್‌ಗೂ ಸೇರಬೇಕು.

ಈಗ ಎದುರಾಳಿಯ ರಿಸೀವರ್ ಜೊತೆ ಓಡಿ ಪಾಸ್ ತಡೆಯುವ ಕಾರ್ನರ್‌ಬ್ಯಾಕ್‌ಗಳು. ಎರಡನೇ ಸುತ್ತಿನಲ್ಲಿ 2008ರ ಟೆರೆನ್ಸ್ ವೀಟ್ಲಿ, 2009ರ ಬಟ್ಲರ್, 2011ರ ರಾಸ್-ಐ ಡೌಲಿಂಗ್, 2016ರ ಸೈರಸ್ ಜೋನ್ಸ್, 2018ರ ಡ್ಯೂಕ್ ಡಾಸನ್, 2019ರ ಜೋಹ್ವಾನ್ ವಿಲಿಯಮ್ಸ್. ಆರು ಜನ, ಒಬ್ಬರೂ ನ್ಯೂ ಇಂಗ್ಲೆಂಡ್‌ನಲ್ಲಿ ನೆಲೆ ನಿಲ್ಲಲಿಲ್ಲ. ಅದೇ ವರ್ಷಗಳಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಕರೆಯದ ಮಾಲ್ಕಮ್ ಬಟ್ಲರ್ 49ನೇ ಸೂಪರ್ ಬೌಲನ್ನು ಒಂದೇ ಕ್ಯಾಚ್‌ನಿಂದ ಗೆದ್ದುಕೊಟ್ಟರು. ಹಾಗೆಯೇ ಬಂದ ಜೆ.ಸಿ. ಜಾಕ್ಸನ್ ಮತ್ತು ಜೊನಾಥನ್ ಜೋನ್ಸ್ ವರ್ಷಗಟ್ಟಲೆ ಆಡಿದರು. ಅಂದರೆ ಈ ಸ್ಥಾನದಲ್ಲಿ ಕಲಿಸುವವರು ಚೆನ್ನಾಗಿಯೇ ಕಲಿಸುತ್ತಿದ್ದರು. ಕೆಟ್ಟದ್ದು ಎರಡನೇ ಸುತ್ತಿನ ಕಣ್ಣು. ಒಬ್ಬಿಬ್ಬರು ಸೋತರೆ ದುರದೃಷ್ಟ ಎನ್ನಬಹುದು. ಹನ್ನೊಂದು ವರ್ಷದಲ್ಲಿ ಆರಕ್ಕೆ ಆರು ಹುಸಿಹೋದರೆ ಅದು ಪದ್ಧತಿಯ ದೋಷ.

ರಿಸೀವರ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಮೊದಲ ಮೂರು ಸುತ್ತುಗಳಲ್ಲಿ ಡಿಯಾನ್ ಬ್ರ್ಯಾಂಚ್, ಬೆಥೆಲ್ ಜಾನ್ಸನ್, ಚ್ಯಾಡ್ ಜಾಕ್ಸನ್, ಟೇಟ್, ಟೇಲರ್ ಪ್ರೈಸ್, ಆರನ್ ಡಾಬ್ಸನ್, ಹ್ಯಾರಿ, ಟೈಕ್ವಾನ್ ಥಾರ್ನ್‌ಟನ್, ಒಟ್ಟು ಎಂಟು. ನಿಜಕ್ಕೂ ಫಲಿಸಿದ್ದು ಬ್ರ್ಯಾಂಚ್ ಒಬ್ಬರೇ. ಹ್ಯಾರಿ ಬಂದ ವರ್ಷವೇ ಯಾರೂ ಆರಿಸದೆ ಉಳಿದು ಇದೇ ತಂಡಕ್ಕೆ ಬಂದ ಜಕೋಬಿ ಮೇಯರ್ಸ್ ಹ್ಯಾರಿಗಿಂತ ಎಷ್ಟೋ ಮೇಲಾದರು. ಈ ಸ್ಥಾನದಲ್ಲಿ ಬೆಲಿಚಿಕ್ ಗೆದ್ದದ್ದು ಪಿಕ್‌ಗಳನ್ನು ಕೊಟ್ಟು ಆಗಲೇ ಸಾಬೀತಾದವರನ್ನು ತಂದಾಗ. 2007ರಲ್ಲಿ ಎರಡನೇ ಮತ್ತು ಏಳನೇ ಸುತ್ತಿನ ಪಿಕ್ ಕೊಟ್ಟು ವೆಸ್ ವೆಲ್ಕರ್, ನಾಲ್ಕನೇ ಸುತ್ತಿನ 110 ಕೊಟ್ಟು ರ‍್ಯಾಂಡಿ ಮಾಸ್. ಮಾಸ್ ಆ ಋತುವಿನಲ್ಲಿ 23 ಟಚ್‌ಡೌನ್ ಕ್ಯಾಚ್ ಹಿಡಿದರು. ಆ 110 ಬಂದದ್ದು ಕೂಡ 28ನೇ ಪಿಕ್ಕನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಮಾರಿದಾಗ. ಅದೇ ವ್ಯಾಪಾರದಲ್ಲಿ ಸಿಕ್ಕ 2008ರ ಮೊದಲ ಸುತ್ತಿನ ಪಿಕ್ಕಿನಿಂದ ಮೇಯೊ ಬಂದರು. ಸ್ಯಾನ್ ಫ್ರಾನ್ಸಿಸ್ಕೊ ಕೂಡ ನಷ್ಟಪಡಲಿಲ್ಲ. 28ರಲ್ಲಿ ಅವರಿಗೆ ಜೋ ಸ್ಟೇಲಿ ಸಿಕ್ಕರು. ವ್ಯಾಪಾರ ಎಂದರೆ ಒಬ್ಬರು ಸೋಲಲೇಬೇಕು ಎಂದೇನಿಲ್ಲ.

ಗಾಯಾಳುಗಳ ಮೇಲಿನ ಪಣವನ್ನೂ ಗುಂಪಾಗಿಯೇ ನೋಡಬೇಕು. ಗ್ರಾಂಕೌಸ್ಕಿಯನ್ನು ಹೊಗಳಿ, ಎರಡೂ ಮಂಡಿಯ ಗಾಯದ ಇತಿಹಾಸವಿದ್ದ ಈಸ್ಲಿಯನ್ನೂ ಮತ್ತೆ ಮತ್ತೆ ಗಾಯಗೊಳ್ಳುತ್ತಿದ್ದ ಡೌಲಿಂಗ್‌ರನ್ನೂ ತೆಗಳುವುದು ಸುಲಭ. ಮೂವರ ಹಿಂದೆಯೂ ಒಂದೇ ತರ್ಕ: ಗಾಯದಿಂದ ಬೆಲೆ ಇಳಿದಿದೆ, ಕೊಳ್ಳೋಣ. ಒಬ್ಬ ಗ್ರಾಂಕೌಸ್ಕಿ ಮತ್ತು ಒಬ್ಬ ಕ್ಯಾನನ್ ಆ ಉಳಿದ ಎರಡು ನಷ್ಟಗಳನ್ನು ತುಂಬಿಕೊಟ್ಟು ಇನ್ನೂ ಉಳಿಸುತ್ತಾರೆ. ಈ ತರ್ಕ ಒಟ್ಟಾರೆ ಲಾಭದ್ದು ಎಂದೇ ಬರೆಯಬೇಕು.

ಇಷ್ಟೆಲ್ಲ ಕೂಡಿಸಿದರೆ ಬೆಲಿಚಿಕ್ ದಾಖಲೆ ಒಂದಲ್ಲ, ಎರಡು. 2012ರವರೆಗೆ ಸರದಿಯ ಬೆಲೆಯನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲವರ, ಕ್ವಾರ್ಟರ್‌ಬ್ಯಾಕ್ ಕಾಯುವ ಸಾಲಿನವರನ್ನೂ ರಕ್ಷಣೆಯ ಮುಂಚೂಣಿಯವರನ್ನೂ ಸರಾಸರಿಗಿಂತ ಮೇಲಾಗಿ ಆರಿಸಿದವರ ದಾಖಲೆ. 2014ರ ನಂತರ ಮೊದಲೆರಡು ಸುತ್ತುಗಳಲ್ಲಿ ಸರಾಸರಿಗಿಂತ ಕೆಳಗಿನ ದಾಖಲೆ; ನಡುವೆ 62ರಲ್ಲಿ ಜಿಮ್ಮಿ ಗರೊಪೊಲೊ, 37ರಲ್ಲಿ ಕೈಲ್ ಡಗ್ಗರ್, 38ರಲ್ಲಿ ಕ್ರಿಶ್ಚಿಯನ್ ಬಾರ್ಮೋರ್ ಥರದ ಒಳ್ಳೆಯ ಆಯ್ಕೆಗಳಿದ್ದರೂ ಮೊತ್ತ ಏಳುವುದಿಲ್ಲ. 2020ರಲ್ಲಿ ಬ್ರೇಡಿ ಹೋದ ಮೇಲೆ ಆ ಖಾಲಿಯನ್ನು ಮುಚ್ಚಲು ಏನೂ ಉಳಿದಿರಲಿಲ್ಲ. 2023ರ ಋತು 4 ಗೆಲುವು, 13 ಸೋಲಿನಲ್ಲಿ ಮುಗಿಯಿತು.

ಕೊನೆಯ ಡ್ರಾಫ್ಟ್‌ನ ಮೊದಲ ಆಯ್ಕೆ ಮಾತ್ರ ಗಮನಿಸಬೇಕಾದದ್ದು. 14ನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು 17 ಮತ್ತು 120 ಪಡೆದರು. ಪಟ್ಟಿಯಲ್ಲಿ 1100 ಕೊಟ್ಟು 1004 ಪಡೆದ ನಷ್ಟದ ವ್ಯಾಪಾರ. 17ರಲ್ಲಿ ಆರಿಸಿದ್ದು ಗೊನ್ಸಾಲೆಜ್‌ರನ್ನು, ಅದೂ ಕಾರ್ನರ್‌ಬ್ಯಾಕ್. ಎಷ್ಟೋ ವರ್ಷ ಎಡವಿದ ಸ್ಥಾನದಲ್ಲಿ, ವ್ಯಾಪಾರ ಸೋತ ದಿನವೇ ಕಣ್ಣು ಗೆದ್ದಿತು. ಆದರೆ ಆ ಹುಡುಗ ಪೂರ್ತಿ ಅರಳಿದ್ದು ಬೇರೆ ಕೋಚ್‌ಗಳ ಕೈಕೆಳಗೆ, ಬೆಲಿಚಿಕ್ ಹೊರಟ ಮೇಲೆ. 2023ರ ಗುಂಪಿನ ನಾಲ್ಕು ವರ್ಷ ತುಂಬುವುದು 2026ರ ಋತುವಿಗೆ. ಬೆಲಿಚಿಕ್ ಖಾತೆಯ ಆ ಕೊನೆಯ ಪುಟವನ್ನು ಅಲ್ಲಿಯವರೆಗೆ ಕೂಡಿಸುವಂತಿಲ್ಲ.